ಊಟಕ್ಕೆ ಮುಂಚೆ ಕಿಟಕಿ ನೋಡಿ

ಭೂಮಿಯ ದಕ್ಷಿಣ ತುದಿಗೆ ಹತ್ತಿರವಿರುವ ನಮ್ಮ ಕೊಯಾಯ್ಕೆಯಲ್ಲಿ ಜೂನ್ ಹೊತ್ತಿಗೆ ಚಳಿಗಾಲ ಬಂತೆಂದರೆ ಹೊಗೆ ಗುಡ್ಡ ದಾಟಿ ಹೋಗುವುದಿಲ್ಲ. ಊರು ಬೋಗುಣಿಯಂತಿದೆ. ಮನೆಮನೆಯ ಸೌದೆ ಒಲೆಯ ಹೊಗೆ ಆ ಬೋಗುಣಿಯಲ್ಲೇ ತಂಗುತ್ತದೆ. ಒಲೆ ಹಚ್ಚಿದರೆ ಕೆಮ್ಮು, ಹಚ್ಚದಿದ್ದರೆ ಚಳಿ. ಇದು ಗೊತ್ತಿದ್ದೂ ನಾವು ಇನ್ನೊಂದು ತುಂಡು ಸೌದೆ ಹಾಕುತ್ತೇವೆ, ಏಕೆಂದರೆ ಯಾವುದೋ ಸಂದಿನಿಂದ ಗಾಳಿ ಒಳಗೆ ಬರುತ್ತಲೇ ಇರುತ್ತದೆ.

ನಮ್ಮ ಬೀದಿಯ ಇಸೊಲಿನಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬೆರಳು ಮರಗಟ್ಟಬಾರದೆಂದು ಇಡೀ ದಿನ ಒಲೆಯ ಪಕ್ಕದಲ್ಲೇ ಕೂರುತ್ತಿದ್ದಳು. ಹೊಗೆ ಅವಳ ಶ್ವಾಸಕೋಶವನ್ನು ಹಾಳುಮಾಡಿತ್ತು. ಆಸ್ಪತ್ರೆಯ ವೈದ್ಯೆ ಅವಳ ಗಂಡ ಬಾಲ್ದೊಮೇರೊನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಇವ್ರಿಗೆ ಔಷಧಿಗಿಂತ ಬೆಚ್ಚಗಿರೋ, ಹೊಗೆ ಇಲ್ದಿರೋ ಒಂದು ಕೋಣೆ ಬೇಕು. ಇನ್ನೊಂದು ಚಳಿಗಾಲ ಹೀಗೇ ಕಳೆದ್ರೆ ಕಷ್ಟ."

ಹಾಗಾಗಿ, ಮನೆ ಬೆಚ್ಚಗಿಡುವ ಸರ್ಕಾರಿ ಯೋಜನೆಗೆ ಅವರ ಮನೆ ಆಯ್ಕೆಯಾದಾಗ ಬೀದಿಗೆಲ್ಲ ಸಂತೋಷವಾಯಿತು. ಹಳೆಯ ಮರದ ಕಿಟಕಿಗಳನ್ನು ಕಿತ್ತು ಜೋಡಿ ಗಾಜಿನ ಕಿಟಕಿ ಕೂರಿಸುತ್ತಾರೆ, ಹೊಸ ಬಾಗಿಲೂ ಹಾಕುತ್ತಾರೆ ಎಂದರು. ಒಲೆ ಅರ್ಧ ಉರಿದರೂ ಸಾಕಾಗುತ್ತದೆ ಎಂದರು. ಇಸೊಲಿನಾ ಕಿಟಕಿ ಬರುವ ಮೊದಲೇ ಹಳದಿ ಬಟ್ಟೆಯ ಪರದೆ ಹೊಲಿದಿಟ್ಟಳು. ಹೊಲಿಗೆ ಯಂತ್ರವನ್ನು ಒಲೆಯಿಂದ ದೂರ, ಆ ಕಿಟಕಿಯ ಕೆಳಗೆ ಇಡಬೇಕೆಂಬುದು ಅವಳ ಆಸೆಯಾಗಿತ್ತು.

ಏಪ್ರಿಲ್‌ನಲ್ಲಿ ಕೆಲಸದವರು ಬಂದರು. ಕೆಲಸ ಮುಗಿದ ದಿನ ಬಾಲ್ದೊಮೇರೊ ಅಂಗಳದಲ್ಲಿ ಬೆಂಕಿ ಹಾಕಿ, ಸುಲಿದ ಇಡೀ ಕುರಿಯನ್ನು ಶಿಲುಬೆಯಾಕಾರದ ಕಬ್ಬಿಣದ ಕಂಬಿಗೆ ಕಟ್ಟಿ ಸುಡಲು ನಿಲ್ಲಿಸಿದ. ಮನೆಗೆ ಸೂರು ಏರಿದ ದಿನ ಕೆಲಸದವರಿಗೆ ಮಾಂಸ ಸುಟ್ಟು ಬಡಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ. ಬಡಿಸದವನನ್ನು ಜಿಪುಣ ಅನ್ನುತ್ತಾರೆ. ಬಾಲ್ದೊಮೇರೊ ಕಿಟಕಿಗೂ ಆ ಮರ್ಯಾದೆ ಮಾಡಿದ.

ಎಲ್ಲರೂ ತಟ್ಟೆ ಹಿಡಿದಿದ್ದಾಗ ಗ್ಲಾದಿಸ್ ಬಂದಳು. ಅವಳು ನಮ್ಮ ಬೀದಿ ಸಮಿತಿಯವಳು, ಕಿಟಕಿ ಬಾಗಿಲು ಸರಿಯಾಗಿ ಕೂತಿದೆಯೇ ಎಂದು ನೋಡುವ ತರಬೇತಿ ಪಡೆದವಳು. ಇಸೊಲಿನಾಳ ಮಗಳ ದೀಕ್ಷಾಸ್ನಾನದ ದಿನ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡಿದ್ದವಳು ಅವಳೇ. ಅಂದಿನಿಂದ ಆ ದಂಪತಿಗೆ ಅವಳು ಕೊಮಾದ್ರೆ, ಅವಳಿಗೆ ಬಾಲ್ದೊಮೇರೊ ಕೊಂಪಾದ್ರೆ. ಅವಳ ಕೈಯಲ್ಲಿ ಒಂದು ಊದುಕಡ್ಡಿ ಇತ್ತು.

"ಏನ್ ಕೊಮಾದ್ರೆ, ಊದುಕಡ್ಡಿ ಹಿಡ್ಕೊಂಡ್ ಬಂದಿದೀಯ! ಹಿಂದೆ ಪಾದ್ರಿನೂ ಬರ್ತಿದಾರಾ?" ಎಂದ ಬಾಲ್ದೊಮೇರೊ. ಎಲ್ಲರೂ ನಕ್ಕರು.

"ಪಾದ್ರಿ ಬೇಡ ಕೊಂಪಾದ್ರೆ, ನಾನೇ ಸಾಕು. ಕಿಟಕಿ ಸುತ್ತ ಒಂದ್ಸಲ ಹೊಗೆ ಹಿಡಿದು ನೋಡ್ತೀನಿ. ಎಲ್ಲಿ ಗಾಳಿ ನುಗ್ಗುತ್ತೋ ಅಲ್ಲಿ ಹೊಗೆ ಅಲ್ಲಾಡುತ್ತೆ. ಚೌಕಟ್ಟಿನ ಸುತ್ತ ಹೊಡೆದಿರೋ ಅಂಚುಪಟ್ಟಿನೂ ಒಂದು ಬಿಚ್ಚಿಸ್ಬೇಕು, ಒಳಗಿನ ಸಂದು ತುಂಬಿದಾರಾ ನೋಡ್ಬೇಕು. ಆಮೇಲೆ ನೀನು ಕೆಲಸ ಸರಿಯಿದೆ ಅನ್ನೋ ಕಾಗದಕ್ಕೆ ಸಹಿ ಹಾಕು."

ಮೇಸ್ತ್ರಿ ಎಲುಬು ಚೀಪುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ಬಾಲ್ದೊಮೇರೊನ ಮುಖ ಕೆಂಪಾಯಿತು. ಅವಳನ್ನು ಬಾಗಿಲ ಹತ್ತಿರಕ್ಕೆ ಕರೆದೊಯ್ದು ಮೆಲ್ಲಗೆ ಗದರಿದ: "ನಿಂಗೇನ್ ಬುದ್ಧಿ ಇದ್ಯಾ? ಇವ್ರು ನನ್ನ ಮನೇಲಿ ಊಟ ಮಾಡ್ತಿದಾರೆ. ಅವ್ರ ಕಣ್ಣೆದ್ರಿಗೇ ಅವ್ರ ಕೆಲಸದಲ್ಲಿ ಹುಳುಕು ಹುಡುಕ್ತೀಯಾ? ಮರ್ಯಾದೆ ತೆಗೀಬೇಡ. ತಗೋ, ಪಕ್ಕೆಲುಬು ಚೆನ್ನಾಗಿ ಬೆಂದಿದೆ."

"ನಾಳೆ ಬರ್ಲಾ ಹಾಗಾದ್ರೆ?"

"ಸಹಿ ಆಗ್ಲೇ ಹಾಕಾಯ್ತು. ಗಾಜು ನೋಡು, ಹೇಗೆ ಫಳಫಳ ಹೊಳೀತಿದೆ!"

ಗಾಜು ನಿಜಕ್ಕೂ ಹೊಳೆಯುತ್ತಿತ್ತು.

ಜೂನ್‌ನಲ್ಲಿ ಹಿಮ ಬಿತ್ತು. ಕಿಟಕಿ ಮುಚ್ಚಿದ್ದರೂ ಹಳದಿ ಪರದೆ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು. ಚೌಕಟ್ಟಿನ ಕೆಳಮೂಲೆ ಒದ್ದೆಯಾಯಿತು, ಆಮೇಲೆ ಗೋಡೆಯ ಮೇಲೆ ಕಪ್ಪು ಬೂಷ್ಟು ಹತ್ತಿತು.

"ಹೊಸ ಕಿಟಕಿ, ಕೂರೋಕೆ ಸ್ವಲ್ಪ ದಿನ ಬೇಕು," ಎಂದ ಬಾಲ್ದೊಮೇರೊ. ಆಮೇಲೆ, "ಈ ಜೋಡಿ ಗಾಜು ಅನ್ನೋದೇ ಮೋಸ," ಎಂದ. ಕೊನೆಗೆ ಸಿಕ್ಕಸಿಕ್ಕಲ್ಲಿ ಬಟ್ಟೆ ತುರುಕಿದ. ಒಲೆಗೆಂದು ಗೋಡೆಯಲ್ಲಿ ಬಿಟ್ಟಿದ್ದ ಗಾಳಿಕಿಂಡಿಗೂ ತುರುಕಿದ. ಸೌದೆ ಬೇಗ ಉರಿದುಹೋಗದಿರಲಿ ಎಂದು ಒಲೆಯ ಗಾಳಿಬಾಗಿಲನ್ನೂ ಮುಚ್ಚಿಟ್ಟ. ಒಲೆ ಉರಿಯುವ ಬದಲು ಹೊಗೆಯಾಡಿತು. ಇಸೊಲಿನಾ ಯಂತ್ರವನ್ನು ಮತ್ತೆ ಒಲೆಯ ಪಕ್ಕಕ್ಕೆ ಎಳೆಸಿಕೊಂಡಳು.

ಗ್ಲಾದಿಸ್ ನೋಡಲು ಬಂದವಳು ಮೊದಲು ಗಾಳಿಕಿಂಡಿಯ ಬಟ್ಟೆಯನ್ನು ಕಿತ್ತೆಸೆದಳು. "ಕೊಂಪಾದ್ರೆ, ಮುಚ್ಚಬೇಕಾದ್ದು ಬಿಟ್ಟು, ಬಿಡಬೇಕಾದ್ದು ಮುಚ್ಚಿದೀಯಲ್ಲ! ಒಲೆಗೆ ಗಾಳಿ ಸಿಗದೆ ವಿಷದ ಹೊಗೆ ತುಂಬ್ಕೊಂಡ್ರೆ ಮಲಗಿದವ್ರು ಏಳಲ್ಲ." ಆಮೇಲೆ ಊದುಕಡ್ಡಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿದಳು. ಮೇಲೆ ಹೊಗೆ ನೆಟ್ಟಗೆ ಏರಿತು. ಕೆಳಮೂಲೆಗೆ ಬಂದಾಗ ಯಾರೋ ಊದಿದಂತೆ ಕೋಣೆಯೊಳಕ್ಕೆ ಹರಿಯಿತು. ಕಿಟಕಿಯ ರೆಕ್ಕೆಗೂ ಚೌಕಟ್ಟಿಗೂ ನಡುವೆ ಕಾಗದದ ಚೂರಿಟ್ಟು ಮುಚ್ಚಿ ಎಳೆದಳು. ಬಿಗಿಯಾಗಿ ಸಿಕ್ಕಿಕೊಳ್ಳಬೇಕಾದ ಕಾಗದ ಸಲೀಸಾಗಿ ಕೈಗೆ ಬಂತು. ದೀಪ ಆರಿಸಿ ನೋಡಿದರೆ ಹೊಸ ಬಾಗಿಲ ಕೆಳಗೆ ಹಗಲಿನ ಬೆಳಕು ಗೆರೆಯಾಗಿ ಕಾಣುತ್ತಿತ್ತು.

ಇಸೊಲಿನಾ ಕೆಮ್ಮಿನ ನಡುವೆ ನಕ್ಕಳು: "ನೋಡು ಕೊಮಾದ್ರೆ, ನನಗಿಂತ ಈ ಪರದೇನೇ ಚೆನ್ನಾಗಿ ಉಸಿರಾಡ್ತಿದೆ."

ಗ್ಲಾದಿಸ್ ಗುತ್ತಿಗೆದಾರನಿಗೆ ಫೋನು ಮಾಡಿದಳು. "ಮನೆಯವ್ರೇ ಚೆನ್ನಾಗಿದೆ ಅಂತ ಒಪ್ಪಿ ಸಹಿ ಹಾಕಿದಾರಲ್ಲಮ್ಮ. ಈಗ ನಮ್ಮ ಹುಡುಗ್ರೆಲ್ಲ ಉತ್ತರದ ಕಡೆ ಕೆಲಸಕ್ಕೆ ಹೋಗಿದಾರೆ. ಬೇಸಿಗೇಲಿ ನೋಡೋಣ," ಎಂದ. ದೂರು ಕೊಟ್ಟದ್ದಾಯಿತು. ದೂರಿಗೂ ಅದರದೇ ಸರದಿ ಇತ್ತು. ಹಿಮಕ್ಕೆ ಸರದಿ ಇರಲಿಲ್ಲ.

ಇಸೊಲಿನಾ ಆಗಸ್ಟ್‌ನಲ್ಲಿ ತೀರಿಕೊಂಡಳು. ಅವಳನ್ನು ಕಿಟಕಿ ಕೊಂದಿತು ಎಂದು ನಾನು ಬರೆಯಲಾರೆ. ಅವಳ ಶ್ವಾಸಕೋಶ ಮೊದಲೇ ಸೋತಿತ್ತು. ವೈದ್ಯೆ ಒಂದು ಬೆಚ್ಚಗಿನ ಕೋಣೆ ಕೇಳಿದ್ದರು, ಆ ಕೋಣೆ ಅವಳಿಗೆ ಸಿಗಲಿಲ್ಲ ಎಂದಷ್ಟೇ ಬರೆಯಬಲ್ಲೆ.

ಅಕ್ಟೋಬರ್‌ನಲ್ಲಿ ಸಮಿತಿಯವರು ಬೇರೆ ಮೇಸ್ತ್ರಿಯನ್ನು ಕರೆಸಿದರು. ಅವನು ಕಿಟಕಿಯ ಅಂಚುಪಟ್ಟಿ ಬಿಚ್ಚಿದ. ಚೌಕಟ್ಟಿಗೂ ಗೋಡೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಕಾಣುವ ಅಂಚಿನಲ್ಲಿ ಮಾತ್ರ, ಒಣಗಿ ಗಟ್ಟಿಯಾಗುವ ನೊರೆಯನ್ನು ತೆಳ್ಳಗೆ ತುಂಬಿದ್ದರು. ಅದರ ಹಿಂದೆ, ಆ ಕಿಟಕಿಯನ್ನೇ ಸುತ್ತಿ ತಂದಿದ್ದ ರಟ್ಟಿನ ಚೂರುಗಳು ನೀರು ಕುಡಿದು ಕೊಳೆತಿದ್ದವು. ಬಾಲ್ದೊಮೇರೊ ಒಂದು ಚೂರನ್ನು ಕೈಯಲ್ಲಿ ಹಿಂಡಿದ. ಕಪ್ಪು ನೀರು ಇಳಿಯಿತು.

"ಪಕ್ಕೆಲುಬು ಕೊಟ್ಟೆ ಅವ್ರಿಗೆ," ಎಂದ. "ಚೆನ್ನಾಗಿರೋದನ್ನೆಲ್ಲ ಆರಿಸಿ ಆರಿಸಿ ಕೊಟ್ಟೆ."

ಗ್ಲಾದಿಸ್ ಅವನ ಕೈಯಿಂದ ಆ ಚೂರನ್ನು ತೆಗೆದುಕೊಂಡಳು.

ಮರುವರ್ಷ ಎದುರುಮನೆಗೆ ಕಿಟಕಿಗಳು ಬಂದವು. ಅಂಗಳದಲ್ಲಿ ಕುರಿ ಸುಡಲು ಬಾಲ್ದೊಮೇರೊನನ್ನೇ ಕರೆದರು. ಅವನು ಬೆಂಕಿಗೆ ಮಾಂಸ ನಿಲ್ಲಿಸಿ, ಜೇಬಿನಿಂದ ಊದುಕಡ್ಡಿ ತೆಗೆದು ನೇರ ಮನೆಯೊಳಗೆ ನಡೆದ.

"ಮಾಂಸ ಬೇಯೋಕೆ ಇನ್ನೂ ಹೊತ್ತಿದೆ. ಅಲ್ಲೀವರೆಗೆ ಕಿಟಕಿ ನೋಡೋಣ ಬನ್ನಿ."

ಅಲ್ಲಿಯ ಮೇಸ್ತ್ರಿ ಮುಖ ಗಂಟಿಕ್ಕಿದ. "ಏನ್ ಬಾಲ್ದೊಮೇರೊ ಅವ್ರೇ, ನಮ್ಮ ಮೇಲೆ ನಂಬ್ಕೆ ಇಲ್ವಾ?"

"ನಂಬ್ಕೆ ಊಟಕ್ಕಿರ್ಲಿ ಮೇಸ್ತ್ರಿ. ಕಿಟಕಿಗೆ ಹೊಗೆ ಹಿಡೀತೀನಿ."

ಒಂದು ಮೂಲೆಯಲ್ಲಿ ಹೊಗೆ ಬಾಗಿತು. ಮೇಸ್ತ್ರಿ ಗೊಣಗುತ್ತಲೇ ಅಂಚುಪಟ್ಟಿ ಬಿಚ್ಚಿ ಸಂದನ್ನು ಸರಿಯಾಗಿ ತುಂಬಿದ. ಮಾಂಸ ಬೇಯುವಷ್ಟರಲ್ಲಿ ಅದು ಮುಗಿದಿತ್ತು. ಆಮೇಲೆ ಎಲ್ಲರೂ ಕೂತು ಉಂಡರು, ಯಾರ ಮರ್ಯಾದೆಯೂ ಹೋಗಲಿಲ್ಲ.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೂ ಹೊಸ ಕಿಟಕಿ ಬಾಗಿಲು ಬರಬಹುದು. ಗಾಜಿನ ಹೊಳಪು ನೋಡಿ ಒಪ್ಪಬೇಡಿ. ಗಾಜಿನ ಸುತ್ತ ಏನಿದೆ ನೋಡಿ. ಅಂಚುಪಟ್ಟಿ ಹೊಡೆಯುವ ಮೊದಲೇ ಸಂದು ತುಂಬಿದ್ದನ್ನು ತೋರಿಸಲು ಹೇಳಿ. ಗಾಳಿ ಬೀಸುವ ದಿನ ಊದುಕಡ್ಡಿ ಹಿಡಿಯಿರಿ, ಪರದೆಗೆ ತಾಗದಂತೆ. ಹೊರಗಿನಿಂದ ಒಂದು ತಂಬಿಗೆ ನೀರು ಸುರಿದು, ಅದು ಹೊರಕ್ಕೇ ಹರಿಯುತ್ತದೆಯೇ ನೋಡಿ. ಒಲೆಯ ಗಾಳಿಕಿಂಡಿಯನ್ನು ಮಾತ್ರ ಎಂದೂ ಮುಚ್ಚಬೇಡಿ. ನಿಮಗೆ ತಿಳಿಯದಿದ್ದರೆ ಸಮಿತಿಯವರನ್ನು ಕರೆಯಿರಿ, ಅವರು ಬಂದು ನೋಡುವವರೆಗೂ ಸಹಿ ಹಾಕಬೇಡಿ. ಊಟ ಹಾಕಿ, ಖಂಡಿತ ಹಾಕಿ. ಆದರೆ ಆಮೇಲೆ ಹಾಕಿ.

ಆ ಎರಡನೆಯ ಮೇಸ್ತ್ರಿ ಸಂದು ತುಂಬಿದ ಮೇಲೆ ಇಸೊಲಿನಾಳ ಕೋಣೆ ಬೆಚ್ಚಗಿದೆ. ಹೊಲಿಗೆ ಯಂತ್ರ ಅವಳು ಬಯಸಿದ್ದ ಜಾಗದಲ್ಲೇ ಇದೆ. ಹೊರಗೆ ಎಂಥ ಗಾಳಿ ಬೀಸಿದರೂ ಆ ಹಳದಿ ಪರದೆ ಅಲುಗಾಡುವುದಿಲ್ಲ.