ಎಡ ಕಾಲಮಿನ ಕೊನೆಯ ಹೆಸರು

"ಎಲ್ಲಾ ಛಲೋ ಬಂದೈತ್ರಿ ಯುನೂಸ," ಎಂದರು ಫೋನಿನಲ್ಲಿ ಮುರ್ತುಜಸಾಬರು. "ಒಂದ ಮಾತು ಕೇಳಬೇಕಿತ್ತು. ಬಲಗಡಿ ಕಾಲಮಿನ್ಯಾಗ ನಮ್ಮ ಅಪ್ಪನ ಹೆಸರಿನ ಮ್ಯಾಲ ಲಾಡಬಿ ಅಂತ ಐತಲ್ಲ, ಅವರು ಯಾರು?"

ಯುನೂಸ ಕಂಪ್ಯೂಟರಿನ ಪರದೆ ನೋಡಿದ. ಅವನ ತಂಗಿ ತಬಸುಮಳ ಮದುವೆಯ ಕಾರ್ಡು ಅದು. ಎರಡೂ ಮನೆಯವರು ಸೇರಿ ಒಂದೇ ಕಾರ್ಡು ಮಾಡಿಸೋಣವೆಂದು ಬೀಗರಾಗಲಿರುವ ಮುರ್ತುಜಸಾಬರೇ ಹೇಳಿದ್ದರು. ತೆರೆದರೆ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಉರ್ದು. ಕನ್ನಡದ ಪುಟದ ಕೆಳಗೆ ಎರಡು ಕಾಲಮ್: ಎಡಕ್ಕೆ ಹೆಣ್ಣಿನ ಕಡೆಯವರು, ಬಲಕ್ಕೆ ಗಂಡಿನ ಕಡೆಯವರು. ಎಡದ ಕಾಲಮ್ ತುಂಬಿ ತುಳುಕಿ, ಕೊನೆಯ ಒಂದೇ ಒಂದು ಹೆಸರು ಜಾಗ ಸಾಲದೆ ಜಿಗಿದು ಬಲಗಡೆ ಕಾಲಮಿನ ನೆತ್ತಿಯ ಮೇಲೆ ಹೋಗಿ ಕುಳಿತಿತ್ತು. ಮಂದಿಯ ಕಾರ್ಡನ್ನು ಹತ್ತು ಸಲ ನೋಡುವವನು ಮನೆಯ ಕಾರ್ಡನ್ನು ಒಮ್ಮೆಯೂ ಸರಿಯಾಗಿ ನೋಡದೆ ವಾಟ್ಸಾಪಿಗೆ ಕಳಿಸಿಬಿಟ್ಟಿದ್ದ.

ಇಂಥ ತಪ್ಪು ಬೇರೆ ಯಾರಾದರೂ ಮಾಡಿದ್ದರೆ ಯುನೂಸ ವಾರಗಟ್ಟಲೆ ಆಡಿಕೊಂಡು ನಗುತ್ತಿದ್ದ. ಇಳಕಲ್ಲಿನ ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ ಅವನ ಡಿಟಿಪಿ ಅಂಗಡಿ. ಅಂಗಡಿ ಗೇಣುದ್ದ, ಹೆಸರು ಮಾತ್ರ ಮೂರು ತಾಲೂಕಿಗೆ ಗೊತ್ತು. ಯಾಕೆಂದರೆ ಮದುವೆಯ ಕಾರ್ಡಿನಲ್ಲಿ ಕಾಲಮಿನ ಮೊದಲ ಸಾಲೆಂದರೆ ಗಾದಿಯ ಮೇಲೆ ಕೂತಂತೆ; ಕೊನೆಯ ಸಾಲೆಂದರೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತಂತೆ. ಕೊನೆಯ ಸಾಲಿಗೆ ಬಿದ್ದ ಸೋದರಮಾವ ಉಣ್ಣದೆ ಎದ್ದು ಹೋದದ್ದನ್ನು, ತನ್ನ ಹೆಸರು ಅರ್ಧ ಅಲ್ಲಿ ಅರ್ಧ ಇಲ್ಲಿ ಮುರಿದಿದ್ದಕ್ಕೆ ದೊಡ್ಡಪ್ಪ ಅಕ್ಷತೆ ಹಾಕದೆ ಕೈಕಟ್ಟಿ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮುನಿಸಿಕೊಳ್ಳುವ ಮಾವನ ಹೆಸರು ಬರುವ ಹೊತ್ತಿಗೆ ಅಂಕಿಗಳ ಪಕ್ಕದ ಎಂಟರ್ ಕೀಲಿಯನ್ನು ಒಮ್ಮೆ ಒತ್ತುತ್ತಿದ್ದ. ಕಾಲಮ್ ಅಲ್ಲಿಗೇ ಮುರಿದು, ಮಾವ ಮುಂದಿನ ಕಾಲಮಿನ ಗಾದಿಗೇರುತ್ತಿದ್ದ. ಅಕ್ಷರ ಒಂದು ಎಳೆ ಸಣ್ಣದು ಮಾಡಿ, ಸಾಲುಗಳನ್ನು ಕೂದಲಷ್ಟು ಹತ್ತಿರ ಸರಿಸಿ, ಎಷ್ಟೇ ಮಂದಿ ಇದ್ದರೂ ಜಾಗ ಮಾಡಿಕೊಡುತ್ತಿದ್ದ. "ಯುನೂಸನ ಕಡಿ ಕಾರ್ಡ ಮಾಡಿಸಿದ್ರ ಬೀಗರಾಗ ಜಗಳಿಲ್ಲ" ಎಂದು ಊರವರು ಹೇಳುವಾಗ ಅವನ ಎದೆ ಉಬ್ಬುತ್ತಿತ್ತು.

ಈಗ ಫೋನಿನ ಆ ತುದಿಯಲ್ಲಿ ಮುರ್ತುಜಸಾಬರು ಕಾಯುತ್ತಿದ್ದರು. ಲಾಡಬಿ ಯಾರು?

ಲಾಡಬಿ ಅವನ ಅಪ್ಪನ ಅಕ್ಕ. ಮದುವೆಯಾದ ವರ್ಷದೊಳಗೇ ಗಂಡ ತಲಾಖ್ ಹೇಳಿ ಕಳಿಸಿದ್ದ. ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಯುನೂಸನ ಅಪ್ಪ ಅವ್ವ ಇಬ್ಬರೂ ಬೇಗ ತೀರಿಕೊಂಡಾಗ ಎರಡು ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು, ಪಕ್ಕದ ನೇಕಾರರ ಮನೆಯಲ್ಲಿ ಸೀರೆಯ ನೂಲನ್ನು ಮಗ್ಗದ ಕಂಡಿಕೆಗಳಿಗೆ ಸುತ್ತಿಕೊಟ್ಟು ಸಾಕಿದಳು. ಅಂಗಡಿಯ ಮೊದಲ ಕಂಪ್ಯೂಟರ್ ಬಂದದ್ದು ಅವಳ ಕಿವಿಯ ಬುಗುಡಿ ಮಾರಿ. ಮನೆಯಲ್ಲಿ ಅವಳು ಎಲ್ಲರಿಗೂ ಫುಪ್ಪು, ಸೋದರತ್ತೆ. ಓಣಿಗೂ ಫುಪ್ಪು. ಸ್ವಂತ ಹೆಸರಿನಿಂದ ಅವಳನ್ನು ಕರೆಯುವವಳು ಇಡೀ ಊರಲ್ಲಿ ಪಕ್ಕದ ಮನೆಯ ಇಂದ್ರಾಬಾಯಿ ಒಬ್ಬಳೇ.

ಏನನ್ನೂ ಕೇಳದ ಹೆಂಗಸು ಹೋದ ವಾರ ರೊಟ್ಟಿ ಬಡಿಯುತ್ತಾ, ಅವನ ಮುಖ ನೋಡದೆ ಕೇಳಿದ್ದಳು: "ಕಾರ್ಡಿನ್ಯಾಗ ಹೆಂಗಸರ ಹೆಸರ ಹಾಕ್ತಾರೇನಪಾ?"

"ಹಾಕ್ತಾರ. ಯಾಕ?"

"ಹಂಗ ಕೇಳಿದ್ನಿ." ಸ್ವಲ್ಪ ಹೊತ್ತಿನ ಮೇಲೆ, "ನಂದೂ ಬಂದ್ರ ಒಮ್ಮಿ ನೋಡ್ತಿದ್ದೆ," ಎಂದಳು.

"ನಿಂದಿಲ್ದ ಕಾರ್ಡ ಯಾಕ ಬೇಕು!" ಎಂದು ಯುನೂಸ ಜೋರಾಗಿ ನಕ್ಕಿದ್ದ. ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಿದ್ದಳು. ಅದೇ ಸಂಜೆ ಇಂದ್ರಾಬಾಯಿಗೆ ಸುದ್ದಿ ಮುಟ್ಟಿತ್ತು.

ಇಷ್ಟನ್ನೂ ಹೇಳಲು ಎರಡು ಮಾತು ಸಾಕಿತ್ತು. ನಮ್ಮ ಫುಪ್ಪು ರೀ, ನಮ್ಮನ್ನ ಸಾಕಿದಾಕಿ. ಆದರೆ ಮುರ್ತುಜಸಾಬರು ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ನವನಗರದಲ್ಲಿ ಅವರ ಮಹಡಿ ಮನೆ. ಫುಪ್ಪು ಎಂದರೆ ಯಾರ ಹೆಂಡತಿ ಎಂದು ಕೇಳುತ್ತಾರೆ. ತಲಾಖ್ ಆದಾಕೆ ಎನ್ನಬೇಕು. ಏನು ಮಾಡುತ್ತಾರೆ ಎಂದರೆ ಮಂದಿ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ ಎನ್ನಬೇಕು. ಅವರು ಇದೊಂದನ್ನೂ ಕೇಳಿರಲಿಲ್ಲ. ಯುನೂಸನೇ ಎಲ್ಲ ಪ್ರಶ್ನೆಗಳನ್ನೂ ತನ್ನೊಳಗೆ ಕೇಳಿಕೊಂಡು, ತಾನೇ ಬೆವೆತ.

"ಅಯ್ಯ, ಅದು ನಮ್ಮ ಪೈಕಿ ಅಲ್ರಿ ಸರ," ಎಂದ. "ಬ್ಯಾರೆ ಯಾರದೋ ಕಾರ್ಡಿಂದು. ಹಳೇ ಫೈಲಿನ ಮ್ಯಾಲ ನಮ್ದು ಕೂಡಿಸಿದ್ನಿ ನೋಡ್ರಿ, ಒಂದ ಹೆಸರ ಅಳಸೋದು ಉಳದೈತಿ. ಈಗ ತಗೀತೇನಿ."

"ಹಂಗೇನು! ಅದಕ್ಕ ಕೇಳಿದೆ," ಎಂದು ಮುರ್ತುಜಸಾಬರು ಹಗುರವಾಗಿ ನಕ್ಕರು. "ಹಳೇ ಬಾಗಲಕೋಟಿ ಪ್ಯಾಟಿ ಡ್ಯಾಮಿನ ನೀರಾಗ ಹೋತು, ನಮ್ಮ ಅಪ್ಪನ ಅಂಗಡಿನೂ ಹೋತು. ಹೆಸರಾದ್ರೂ ಮ್ಯಾಲ ಇರ್ಲಿ ಅಂತ ಆಸೆ, ಅಷ್ಟ. ಉರ್ದು ನಮ್ಮ ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ, ಆ ಪುಟ ನೀವ ನೋಡ್ಕೋರಿ."

ಫೋನು ಇಟ್ಟು ಯುನೂಸ ಪರದೆಯ ಕಡೆ ತಿರುಗಿದ. ಎಡದ ಕಾಲಮಿನಲ್ಲಿ ಇನ್ನೊಂದು ಸಾಲಿಗೆ ಜಾಗ ಮಾಡುವುದು ಅವನಿಗೆ ಅರೆನಿಮಿಷದ ಕೆಲಸ. ಆದರೆ ನಮ್ಮ ಪೈಕಿ ಅಲ್ಲ ಎಂದ ಮೇಲೆ ಆ ಹೆಸರು ಎಡಕ್ಕೂ ಬರುವ ಹಾಗಿರಲಿಲ್ಲ. ಅಳಿಸಿದ. ಎರಡೂ ಕಾಲಮುಗಳು ಸರಿಸಮವಾಗಿ, ಅಚ್ಚುಕಟ್ಟಾಗಿ ನಿಂತವು. ಆಮೇಲೆ ಉರ್ದು ಪುಟ ತೆರೆದ. ಅಲ್ಲಿಯೂ ಸಾಲು ಹೆಚ್ಚಾಗಿತ್ತು. ತನ್ನ ಹೆಸರನ್ನೂ ಲಾಡಬಿಯ ಹೆಸರನ್ನೂ ಒಂದೇ ಸಾಲಿಗೆ ಸೇರಿಸಿ ಜಾಗ ಮಾಡಿದ. ಫುಪ್ಪು ಓದಿದ್ದು ಮಸೀದಿಯ ಮದರಸಾದಲ್ಲಿ, ಅವಳಿಗೆ ಉರ್ದು ಮಾತ್ರ ಬರುತ್ತದೆ. ಕನ್ನಡ ಬಾಯಿಮಾತಿಗೆ ಅಷ್ಟೇ. ಅವಳಿಗೆ ಕಾಣುವ ಕಡೆ ಇದೆ, ಬೀಗರಿಗೆ ಕಾಣುವ ಕಡೆ ಇಲ್ಲ. ತನ್ನ ಜಾಣತನಕ್ಕೆ ಅವನಿಗೇ ಅಸಹ್ಯವಾಯಿತು. ಆದರೂ ಅಚ್ಚಿಗೆ ಕಳಿಸಿದ.

ಕಾರ್ಡು ಬಂದ ದಿನ ಲಾಡಬಿ ಕನ್ನಡಕ ಏರಿಸಿ ಉರ್ದು ಪುಟವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ತನ್ನ ಹೆಸರಿಗೆ ಬಂದಾಗ ನಿಂತಳು. "ನಿನ್ನ ಬಾಜೂಕ ಕುಂದ್ರಿಸೀಯಲ್ಲೋ!" ಎಂದಳು. ಯುನೂಸನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟುಬಿಟ್ಟ.

ಬೀಗರ ಪಾಲಿನ ಕಾರ್ಡುಗಳನ್ನು ಮನೆಯ ಹಿರಿಯರೇ ಹೋಗಿ ಮುಟ್ಟಿಸಬೇಕು. ಮನೆಗೆ ಹಿರಿಯಳೆಂದರೆ ಲಾಡಬಿ. ಬ್ಯಾಡ ಎನ್ನಲು ಯುನೂಸನಿಗೆ ನೆಪ ಹೊಳೆಯಲಿಲ್ಲ. ಹುನಗುಂದ, ಅಮೀನಗಡ, ಶಿರೂರು ದಾಟಿ ಬಸ್ಸು ಬಾಗಲಕೋಟೆ ಮುಟ್ಟುವವರೆಗೂ ಅವಳು ಕಾರ್ಡಿನ ಕಟ್ಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹೊಸದಾಗಿ ಮಡಿಕೆ ಬಿಚ್ಚಿದ ಸೀರೆ ಉಟ್ಟಿದ್ದಳು. ಯುನೂಸ ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಿದ್ದ: ಎಲ್ಲರೂ ಫುಪ್ಪು ಎಂದೇ ಕರೆಯುತ್ತಾರೆ, ಹೆಸರು ಯಾರು ಕೇಳುತ್ತಾರೆ?

ಮುರ್ತುಜಸಾಬರ ಹೆಂಡತಿ ಖೈರುನಬಿ ಬಾಗಿಲಿಗೇ ಬಂದು ಲಾಡಬಿಯ ಕೈ ಹಿಡಿದು ಒಳಗೆ ಕರೆದೊಯ್ದು ಸೋಫಾದ ಮೇಲೆ ಕೂರಿಸಿದಳು. ಷರಬತ್ತು ಕೊಟ್ಟಳು. ಕಾರ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮುರ್ತುಜಸಾಬರು ಕನ್ನಡದ ಪುಟ ತೆರೆದು, ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿ, "ಭಾಳ ಚಂದ ಆಗೇತಿ" ಎಂದರು. ಅವರ ಕಣ್ಣು ತುಸು ಒದ್ದೆಯಾಗಿತ್ತು.

"ನಿಶ್ಚಯದ ದಿನಾ ನೀವು ಒಲಿ ಮುಂದ ಇದ್ರಿ, ಮಾತಾಡಾಕ ಆಗಲಿಲ್ಲ," ಎಂದಳು ಖೈರುನಬಿ. "ನಾವೂ ಫುಪ್ಪು ಫುಪ್ಪು ಅಂತೇವಿ. ನಿಮ್ಮ ಹೆಸರೇನ್ರಿ?"

ಲಾಡಬಿ ತುಸು ನಾಚಿದಳು. ಕೈಯಲ್ಲಿದ್ದ ಕಾರ್ಡನ್ನು ಉರ್ದು ಪುಟಕ್ಕೆ ತೆರೆಯುತ್ತಾ, "ಲಾಡಬಿ ರೀ," ಎಂದಳು.

"ಅರೆ!" ಎಂದರು ಮುರ್ತುಜಸಾಬರು. "ಮೊದಲಿನ ಪ್ರೂಫಿನ್ಯಾಗ ನಮ್ಮ ಅಪ್ಪನ ಮ್ಯಾಲ ಇದ ಹೆಸರ ಬಂದಿತ್ತು. ಕೇಳಿದ್ರ, ಬ್ಯಾರೆ ಯಾರದೋ ಕಾರ್ಡಿಂದು, ನಮ್ಮ ಪೈಕಿ ಅಲ್ಲ ಅಂದಿದ್ರಲ್ಲ ಯುನೂಸ..."

ಮಾತು ಅರ್ಧಕ್ಕೇ ನಿಂತಿತು. ಅವರು ಯುನೂಸನ ಕಡೆ ನೋಡಿದರು. ಖೈರುನಬಿಯೂ ನೋಡಿದಳು. ಯುನೂಸ ನೆಲದ ಟೈಲ್ಸ್ ನೋಡುತ್ತಿದ್ದ.

ಲಾಡಬಿ ತೆರೆದಿದ್ದ ಕಾರ್ಡನ್ನು ಮೆಲ್ಲಗೆ ಮುಚ್ಚಿದಳು.

"ಖರೆ ಐತ್ರಿ," ಎಂದಳು. "ನಮ್ಮ ಊರಾಗ ಓಣಿಗೊಬ್ಬಾಕಿ ಲಾಡಬಿ ಅದಾಳ. ಯಾರದೋ ಇರಬೇಕು. ಹುಡುಗಗ ಕೆಲಸದ ಗದ್ದಲಾ ಭಾಳ."

"ಅದ ಮತ್ತ," ಎಂದು ಮುರ್ತುಜಸಾಬರು ನಿರಾಳವಾಗಿ ನಕ್ಕರು. ಖೈರುನಬಿ ಇನ್ನೊಂದು ಲೋಟ ಷರಬತ್ತು ತಂದಳು. ಲಾಡಬಿ ಅದನ್ನೂ ಕುಡಿದಳು, ಸಕ್ಕರೆ ಸರಿಯಾಗಿದೆ ಎಂದೂ ಹೇಳಿದಳು.

ತಿರುಗಿ ಬರುವಾಗ ಬಸ್ಸು ಶಿರೂರು ದಾಟಿತು. ಆಮೇಲೆ ಅವಳು ಚೀಲದಿಂದ ಒಂದು ಕಾರ್ಡು ತೆಗೆದು ಕನ್ನಡದ ಪುಟ ತೆರೆದು ಅವನ ಮುಂದೆ ಹಿಡಿದಳು.

"ಇದರಾಗ ನಾ ಇಲ್ಲೇನು?"

"ಇಲ್ಲ ಫುಪ್ಪು."

"ಇದ್ರ ಎಲ್ಲಿ ಬರ್ತಿದ್ದೆ?"

ಯುನೂಸ ಎಡದ ಕಾಲಮಿನ ಕೆಳಗೆ, ಕೊನೆಯ ಹೆಸರಿನ ಕೆಳಗಿನ ಬಿಳಿ ಜಾಗಕ್ಕೆ ಬೆರಳಿಟ್ಟು ತೋರಿಸಿದ. ಅವಳು ಬಗ್ಗಿ, ಅಲ್ಲಿ ಏನೋ ಬರೆದಿದೆ ಎನ್ನುವಂತೆ ನೋಡಿದಳು.

"ಮತ್ತ ಹೊಡಸ್ತೇನಿ," ಎಂದ ಅವನು. "ಎಲ್ಲಾ ಕಾರ್ಡ ಹೊಸದಾಗಿ ಹೊಡಸ್ತೇನಿ ಫುಪ್ಪು. ನಿನ್ನ ಹೆಸರ ಎಲ್ಲಾರಕಿಂತ ಮ್ಯಾಲ ಹಾಕ್ತೇನಿ."

"ಹುಚ್ಚಪ್ಪ. ಬೀಗರಿಗೆ ಏನಂತ ಹೇಳ್ತಿ? ಮೊನ್ನೆ ಸುಳ್ಳ ಹೇಳಿದ್ನಿ ಅಂತೀಯೇನು? ನಾಳೆ ಆ ಮನ್ಯಾಗ ಬಾಳೇ ಮಾಡೋದು ತಬಸುಮ." ಕಾರ್ಡನ್ನು ಚೀಲಕ್ಕೆ ಹಾಕಿದಳು. "ನನಗ ಓದಾಕ ಬರೂ ಕಡಿ ಹಾಕೀಯಲ್ಲ. ಸಾಕ ಬಿಡು."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವಳು ಕರದಂಟು ತೆಗೆದುಕೊಳ್ಳೋಣ, ತಬಸುಮಗೆ ಇಷ್ಟ ಎಂದಳು. ಅವನು ಇಳಿದು ತಂದ. ಅವಳು ಒಂದು ಚೂರು ಮುರಿದು ಅವನ ಕೈಗೆ ಕೊಟ್ಟಳು. ಅದು ಇಳಕಲ್ಲು ಬರುವವರೆಗೂ ಅವನ ಮುಷ್ಟಿಯಲ್ಲೇ ಕರಗಿ ಅಂಟಾಯಿತು.

ಮನೆ ಮುಟ್ಟುವಷ್ಟರಲ್ಲಿ ಇಂದ್ರಾಬಾಯಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ತವರಿಗೆ ಹೋದವಳು ಅಂದೇ ಬಂದಿದ್ದಳು. "ಲಾಡಬಿ, ಎಲ್ಲೈತಿ ಕಾರ್ಡ? ನಿನ್ನ ಹೆಸರ ಬಂದೈತಂತಲ್ಲ, ತೋರಸು ಮೊದಲ," ಎಂದು ಸೆರಗಿನ ಗಂಟಿನಿಂದ ಕನ್ನಡಕ ಬಿಚ್ಚಿದಳು.

ಲಾಡಬಿ ಅವಳ ಪಕ್ಕದಲ್ಲಿ ಕೂತು ಕಾರ್ಡು ತೆಗೆದಳು. ಕನ್ನಡದ ಪುಟವನ್ನು ಹಿಂದಕ್ಕೆ ಮಡಚಿ, ಉರ್ದು ಪುಟವನ್ನು ಮುಂದೆ ಹಿಡಿದಳು. "ಇಲ್ಲೈತಿ ನೋಡು. ಬಾಜೂಕ ಇದು ಯುನೂಸಂದು."

ಇಂದ್ರಾಬಾಯಿ ಆ ಅಕ್ಷರಗಳ ಮೇಲೆ ಬೆರಳಿಟ್ಟು ಪ್ರೀತಿಯಿಂದ ಸವರಿದಳು. "ಚಂದ ಐತಿ. ಆದ್ರ ನನಗ ಇದು ತಿಳಿಯಂಗಿಲ್ಲಲ್ಲ. ಕನ್ನಡದಾಗಿಂದು ತೋರಸು, ನಾ ಓದಿ ಹೇಳ್ತೇನಿ."

"ಕನ್ನಡದಾಗ ನಾನ ಬ್ಯಾಡ ಅಂದ್ನಿ."

"ಯಾಕ?"

"ಎರಡೆರಡ ಕಡಿ ಯಾಕ ಬೇಕ? ಹುಡುಗ ಹಾಕ್ತೇನಿ, ಹಾಕ್ತೇನಿ ಅಂತ ಹಟಾ ಹಿಡಿದಿದ್ದ. ನಾನ ಕೇಳಲಿಲ್ಲ."

ಇಂದ್ರಾಬಾಯಿ ಕನ್ನಡಕದ ಮೇಲಿನಿಂದ ಬಾಗಿಲಲ್ಲಿ ನಿಂತಿದ್ದ ಯುನೂಸನನ್ನು ನೋಡಿದಳು. "ಖರೇನೇನೋ? ಈಕಿ ಮಾತ ಯಾಕ ಕೇಳಿದಿ ನೀ?"

ಲಾಡಬಿ ತಲೆ ಎತ್ತಲಿಲ್ಲ. ಕಾರ್ಡಿನ ಉರ್ದು ಪುಟವನ್ನೇ ನೋಡುತ್ತಿದ್ದಳು.

"ಹೌದಬೇ," ಎಂದ ಯುನೂಸ. "ಆಕಿನ ಬ್ಯಾಡ ಅಂದ್ಲು."

"ಹುಚ್ಚಿ," ಎಂದು ಇಂದ್ರಾಬಾಯಿ ಗೆಳತಿಯ ಭುಜಕ್ಕೆ ಒಂದೇಟು ಹಾಕಿದಳು. ಇಬ್ಬರೂ ನಕ್ಕರು. ಆಮೇಲೆ ಇಂದ್ರಾಬಾಯಿ ಮದುವೆಯ ಅಡುಗೆಯ ಮಾತು ತೆಗೆದಳು, ತವರಿನ ಸುದ್ದಿ ಹೇಳಿದಳು, ತಬಸುಮ ತಂದ ಚಹಾ ಕುಡಿದಳು. ಲಾಡಬಿ ಒಂದೇ ಕೈಯಲ್ಲಿ ಬಸಿ ಹಿಡಿದು ಚಹಾ ಕುಡಿದಳು. ಇನ್ನೊಂದು ಕೈ ಕಾರ್ಡನ್ನು ಬಿಡಲಿಲ್ಲ. ನೂಲು ಉಜ್ಜಿ ಉಜ್ಜಿ ಗೀರು ಬಿದ್ದಿದ್ದ ಅವಳ ಹೆಬ್ಬೆರಳು, ಹಿಂದಕ್ಕೆ ಮಡಚಿದ ಪುಟವನ್ನು ಇಂದ್ರಾಬಾಯಿ ಎದ್ದು ಹೋಗುವವರೆಗೂ ಬಿಗಿಯಾಗಿ ಒತ್ತಿಕೊಂಡೇ ಇತ್ತು.