ಮಾರಿಗೊಂದು ಬೆರಳಿನ ಇಳಿಜಾರು

ಅವನ ಕಸುಬು ಬಿಲಿಯರ್ಡ್ಸ್ ಮೇಜು ಕೂರಿಸುವುದು. ಕಲ್ಲಿನ ಹಲಗೆಗಳನ್ನು ಜೋಡಿಸಿ, ಸಂದುಗಳಿಗೆ ಮೇಣ ತುಂಬಿ, ಕಾಲುಗಳ ಕೆಳಗೆ ಕಾಗದದಷ್ಟು ತೆಳ್ಳಗಿನ ಚಕ್ಕೆ ಸಿಕ್ಕಿಸಿ, ಕೊನೆಗೆ ಮೇಲೊಂದು ಚೆಂಡಿಟ್ಟು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಚೆಂಡು ಕದಲಬಾರದು. ಆ ಗಳಿಗೆಯ ಮೌನಕ್ಕಾಗಿಯೇ ಅವನು ಈ ಕೆಲಸ ಹಿಡಿದದ್ದು ಎಂದರೂ ತಪ್ಪಿಲ್ಲ. ಜೊತೆಯವರು ಅವನನ್ನು ಕರೆಯುತ್ತಿದ್ದುದೇ, ಮಟ್ಟ ನೋಡುವ ಉಪಕರಣದ ಹೆಸರಿಟ್ಟು, ರಸಮಟ್ಟ ಎಂದು. ಗೋಡೆಯ ಪಟ ಕೂದಲೆಳೆಯಷ್ಟು ವಾಲಿದರೂ ಊಟ ಬಿಟ್ಟು ಎದ್ದು ಸರಿಮಾಡುವ ಆಸಾಮಿ.

ಆದರೆ ಅವನ ಮನೆಯಲ್ಲಿ ಬೇರೆ ಬಗೆಯ ಮೌನವೊಂದು ಬಂದು ಕೂತಿತ್ತು. ಹಿಂದಿನ ಮಳೆಗಾಲದಲ್ಲಿ ಅವನ ಅಮ್ಮ ಒಣಹಾಕಿದ ಬಟ್ಟೆ ತರಲು ಹಿತ್ತಲಿಗೆ ಹೋಗಿ ಜಾರಿಬಿದ್ದಿದ್ದಳು. ಹಿತ್ತಲೆಂದರೆ ಬರೀ ಜೇಡಿಮಣ್ಣು. ಮಳೆ ಬಂದರೆ ವಾರಗಟ್ಟಲೆ ನೀರು ಇಂಗುವುದಿಲ್ಲ, ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಸೊಂಟದ ಮೂಳೆಯೇನೋ ಕೂಡಿತು. ಡಾಕ್ಟರು ‘ಓಡಾಡಿ’ ಅಂದರು. ಭಯ ಮಾತ್ರ ಹೋಗಲಿಲ್ಲ. ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮೆತ್ತಗಾಗಿಬಿಟ್ಟಳು.

ಉಪಾಯ ತೆಗೆದವಳು ಶಾಲಾ ವ್ಯಾನ್ ಓಡಿಸುವ ಅವನ ಹೆಂಡತಿ. “ರೀ, ಹಿತ್ತಲಿಗೆ ಆ ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣ. ನಮ್ಮ ಶಾಲೆ ಮಕ್ಕಳು ಅದರ ಮೇಲೆ ಬಿದ್ದು ಹೊರಳಾಡ್ತಾವೆ, ಒಂದಕ್ಕೂ ಏನೂ ಆಗಲ್ಲ.”

“ಪ್ಲಾಸ್ಟಿಕ್ ಆಗ್ಲಿ, ಚಿನ್ನ ಆಗ್ಲಿ, ಕೆಳಗಿರೋದು ಅದೇ ಜೇಡಿ ತಾನೇ?” ಎಂದಳು ಅಮ್ಮ. “ಒಂದು ದೊಡ್ಡ ಮಳೆ ಹೊಡೀಲಿ. ಆಮೇಲೂ ನೀರು ನಿಲ್ದೆ ಇದ್ರೆ ಕಾಲಿಡ್ತೀನಿ. ಇಲ್ಲಾಂದ್ರೆ ನನ್ನ ಸುದ್ದಿಗೆ ಬರ್ಬೇಡಿ.”

ಅವನು ಮರುದಿನ ಗುದ್ದಲಿ ತಂದ.

ಮೇಲಿನ ಮಣ್ಣನ್ನು ಗೇಣಿನಷ್ಟು ಆಳ ತೆಗೆದ. ಬೇಲಿಯ ಪಕ್ಕ ಉದ್ದಕ್ಕೂ ಕಾಲುವೆ ತೋಡಿ, ಮೈತುಂಬ ತೂತಿರುವ ಪೈಪಿಗೆ ಬಟ್ಟೆ ಸುತ್ತಿ ಮಲಗಿಸಿದ. ಜೇಡಿ ಮೇಲೇರಿ ಬರದಂತೆ ನೆಲಕ್ಕೆಲ್ಲ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಲ್ಲುಪುಡಿ ಹರಡಿ ದಿಮ್ಮಸು ಹಾಕಿ ಬಡಿದ. ಮಂಡಿಯೂರಿ ರಸಮಟ್ಟವಿಟ್ಟು ನೋಡಿದ, ಕೆರೆದ, ತುಂಬಿದ, ಮತ್ತೆ ನೋಡಿದ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಾಗ ಅವನ ಮುಖದಲ್ಲಿ ಎಂಥ ಶಾಂತಿ! ನೆಲದ ಈ ತುದಿಯಿಂದ ಆ ತುದಿಯವರೆಗೆ, ಕಾಲುವೆಯೊಳಗಿನ ಪೈಪೂ ಸೇರಿ, ಎಲ್ಲೂ ಒಂದು ಕೂದಲೆಳೆಯ ಏರಿಲ್ಲ, ಇಳಿವಿಲ್ಲ.

ಹುಲ್ಲು ಹಾಸುವ ಮೊದಲು ನೀರು ಬಿಟ್ಟು ನೋಡು ಎಂದು ಅದನ್ನು ಮಾರಿದ ಅಂಗಡಿಯವನು ಹೇಳಿದ್ದ. ಕೊಳವೆ ಹಿಡಿದು ಬಿಟ್ಟ. ನೀರು ಕಲ್ಲುಪುಡಿಯೊಳಗೆ ಮಾಯವಾಯಿತು. ಅವನು ಹಿಗ್ಗಿ ಹೆಂಡತಿಯನ್ನು ಕರೆದ. ಅವಳು ಬರುವಷ್ಟರಲ್ಲಿ ಅದೇ ನೀರು ಮೆಲ್ಲಗೆ ಮೇಲಕ್ಕೆ ಬಂದು, ಹಿತ್ತಲ ತುಂಬ ಕನ್ನಡಿಯ ಹಾಗೆ ನಿಂತಿತು. ಹೋಗಲು ದಾರಿ ಇದ್ದರೆ ತಾನೇ? ಪೈಪಿನ ಬಾಯಲ್ಲಿ ಒಂದು ಹನಿಯೂ ಇಲ್ಲ.

“ಇಳಿಜಾರು ಕೊಡು ಅಂತ ಆ ಅಂಗಡಿಯವನು ಹೇಳಿರ್ಲಿಲ್ವಾ?” ಹೆಂಡತಿ ಕೇಳಿದಳು.

“ಹೇಳಿದ್ದ.”

“ನೀವೇನಂದ್ರಿ?”

“ಹೂಂ ಅಂದಿದ್ದೆ.” ಅವನು ಕೈಗಳನ್ನೇ ನೋಡಿಕೊಂಡ. ತಲೆಗೆ ಗೊತ್ತಿತ್ತು. ಕೈ ಕೇಳಬೇಕಲ್ಲ.

ಆಗ ಕಿಟಕಿಯಿಂದ ದನಿ ಬಂತು. “ಎಷ್ಟು ಚೆನ್ನಾಗಿ ಕೊಳ ಕಟ್ಟಿದೀಯೋ ಮಗನೇ! ಬಾತುಕೋಳಿ ಯಾವಾಗ ತರ್ತೀಯಾ?”

“ಅತ್ತೆ, ಸುಮ್ನಿರಿ, ಪಾಪ,” ಎಂದ ಹೆಂಡತಿಯೇ ನಗು ತಡೆಯಲಾಗದೆ ಕಂಬ ಹಿಡಿದುಕೊಂಡಳು. ಅಮ್ಮ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವನಿಗೆ ಮೈಯೆಲ್ಲ ಉರಿಯಬೇಕಿತ್ತು. ಉರಿಯಲಿಲ್ಲ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಎಂದು ನೆನೆಯುತ್ತ, ಕೆಸರಲ್ಲಿ ಮಂಡಿಯೂರಿದವನು ಹಾಗೇ ಉಳಿದ.

ಎಲ್ಲವನ್ನೂ ಮತ್ತೆ ಕಿತ್ತ. ಈ ಸಲ ಅಮ್ಮ ಕಿಟಕಿ ಬಿಡಲಿಲ್ಲ. “ಅಲ್ಲಿ ಇನ್ನೂ ಇಳಿಸು.” “ಇಳಿಸಿದೀನಮ್ಮ.” “ಇಳಿಸಿಲ್ಲ, ಕಾಣ್ತಿದೆ. ನಿನ್ನ ಕೈಗೆ ಜಿಪುಣತನ ಬಂದಿದೆ.” ಮನೆಯಿಂದ ಬೇಲಿಯ ಕಡೆಗೆ ಎರಡು ಕೈ ಚಾಚಿದಷ್ಟು ಉದ್ದದ ಮಾರಿಗೊಂದು ಬೆರಳಗಲದ ಇಳಿಜಾರು. ಪೈಪೂ ಅಷ್ಟೇ, ರಸ್ತೆಯ ಚರಂಡಿಯ ಕಡೆಗೆ. ಗುಳ್ಳೆ ಒಂದು ಪಕ್ಕಕ್ಕೆ ಸರಿದು ಕೂತಾಗ ಅವನ ಕೈ ತಾನಾಗಿಯೇ ಕಲ್ಲುಪುಡಿಯತ್ತ ಹೋಗುತ್ತಿತ್ತು. ಆದರೂ ಹಾಗೇ ಬಿಟ್ಟ. ನೀರು ಬಿಟ್ಟರೆ ಪೈಪಿನ ಬಾಯಿ ಮೊದಲು ಕೆಮ್ಮಿತು, ಆಮೇಲೆ ಹರಿಯಿತು. ಗಂಡ ಹೆಂಡತಿ ಸೇರಿ ಹುಲ್ಲಿನ ಸುರುಳಿ ಬಿಚ್ಚಿ, ಅಂಚುಗಳನ್ನು ಅಂಟಿಸಿ, ಮೇಲೆ ಮರಳು ಚೆಲ್ಲಿ ಪೊರಕೆಯಿಂದ ಎಳೆಗಳ ಬುಡಕ್ಕೆ ತಳ್ಳಿದರು.

“ಚೆನ್ನಾಗಿದೆ,” ಎಂದಳು ಅಮ್ಮ. “ಮಳೆ ಬರ್ಲಿ.”

ಮಳೆ ಬಂದದ್ದು ಅವನು ಪಟ್ಟಣದ ಆಚೆ ತುದಿಯ ಕ್ಲಬ್ಬಿನಲ್ಲಿ ಮೇಜೊಂದರ ಕೆಳಗೆ ಮಲಗಿದ್ದಾಗ. ತಗಡಿನ ಮಾಡಿನ ಮೇಲೆ ಧೋ ಎಂದು ಸುರಿಯಿತು. ಕೈಯಲ್ಲಿದ್ದ ಚಕ್ಕೆಯನ್ನು ನೆಲಕ್ಕಿಟ್ಟ. ನೀರು ನಿಂತಿದ್ದರೆ? ಅಮ್ಮ ನಗುವುದಿಲ್ಲ ಈ ಸಲ. ಕುರ್ಚಿಯನ್ನು ಕಿಟಕಿಯಿಂದಲೂ ಆಚೆ ಎಳೆದುಕೊಂಡುಬಿಡುತ್ತಾಳೆ. ಕೆಲಸ ಅರ್ಧಕ್ಕೆ ಬಿಟ್ಟು ಹೊರಟ. ತನ್ನ ಜನ್ಮದಲ್ಲೇ ಹಾಗೆ ಮಾಡಿದವನಲ್ಲ.

ಮನೆ ಸೇರುವಾಗ ಮಳೆ ಆಗಷ್ಟೇ ನಿಂತಿತ್ತು. ಅಡುಗೆಮನೆಯ ಕುರ್ಚಿ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು.

ಅಮ್ಮ ಹಸಿರಿನ ನಡುವೆ ಬರಿಗಾಲಲ್ಲಿ ನಿಂತಿದ್ದಳು. ಹೆಂಡತಿ ಪಕ್ಕದಲ್ಲಿದ್ದಳು, ಹಿಡಿದುಕೊಂಡಿರಲಿಲ್ಲ. ಬೇಲಿಯಾಚೆಯ ಟೈಲರಮ್ಮನಿಗೆ ಅಮ್ಮ ಕೂಗಿ ಹೇಳುತ್ತಿದ್ದಳು: “ನಿಮ್ಮ ಹಿತ್ತಲಲ್ಲಿ ಇನ್ನೂ ನೀರು ನಿಂತಿದೆಯಲ್ರೀ! ನಮ್ಮದು ನೋಡಿ, ಬನ್ನಿ. ಅಯ್ಯೋ, ಎಷ್ಟು ಹೇಳಿ ಮಾಡಿಸ್ದೆ ಗೊತ್ತಾ? ಇವನಿಗೇನು ಗೊತ್ತಾಗುತ್ತೆ!”

ಅವನು ಬಾಗಿಲಲ್ಲೇ ನಿಂತು ಅವಳ ಬರಿಗಾಲುಗಳನ್ನೇ ನೋಡಿದ.

“ಬಾಯಿ ಬಿಟ್ಕೊಂಡು ಏನು ನೋಡ್ತೀಯೋ?” ಅಮ್ಮ ತಿರುಗಿದಳು. “ಶೂ ಬಿಚ್ಚಿಟ್ಟು ಬಾ. ತಣ್ಣಗಿದೆ.”

“ಕಾಲು ಜೋಮು ಹಿಡಿಯುತ್ತಮ್ಮ, ಒಳಗೆ ಬಾ.”

“ಬರಲ್ಲ ಹೋಗೋ,” ಎಂದವಳೇ ಬೇಲಿಯವರೆಗೂ ನಡೆದುಹೋದಳು.