ಮರ್ಯಾದೆಗೆ ಬಚ್ಚಿಟ್ಟ ಮಾತು

ಗುರುವಾರ ಮಧ್ಯಾಹ್ನ ಯೂಯಿಸ್ಟ್ ದ್ವೀಪದ ಊರ ಹಾಲ್‌ನಲ್ಲಿ ಎಂಟು ಜನ ಮೇಜಿನ ಸುತ್ತ ಕೂತು, ಒದ್ದೆ ಉಣ್ಣೆಬಟ್ಟೆ ಬಡಿಯುತ್ತ ಹಾಡುತ್ತಿದ್ದರು. ನೇಯ್ದ ಉಣ್ಣೆ ಬಿಗಿಯಾಗಲೆಂದು ಹೀಗೆ ಬಡಿಯುವ ಅಗತ್ಯ ಈಗ ಯಾರಿಗೂ ಇಲ್ಲ. ಹಾಡು ಉಳಿಯಲಿ ಎಂದು ಬಡಿಯುವುದು. ಓಯ್ರಿಗಜ್ಜಿ ಒಂದೊಂದೇ ನುಡಿ ಎತ್ತುತ್ತಿದ್ದಳು, ಉಳಿದವರು ಪಲ್ಲವಿ ಹಿಡಿಯುತ್ತಿದ್ದರು.

ನರ್ಸ್ ಹಿಲರಿ ಒಳಗೆ ಕಾಲಿಟ್ಟದ್ದೇ ತಡ, ಎಲ್ಲರ ಮಾತು ದ್ವೀಪದ ಗೇಲಿಕ್ ಭಾಷೆಯಿಂದ ಇಂಗ್ಲಿಷಿಗೆ ತಿರುಗಿತು. ಅವಳು ಇಂಗ್ಲೆಂಡಿನಿಂದ ಬಂದು ಎರಡು ವರ್ಷವಾಗಿತ್ತು. ಭಾಷೆ ಕಲಿಯಲೆಂದೇ ಈ ಕೂಟಕ್ಕೆ ಬರುತ್ತಿದ್ದಳು. ತಿಳಿಯದವರ ಎದುರು ಗೇಲಿಕ್ ಆಡುವುದು ಮರ್ಯಾದೆಯಲ್ಲ ಎಂಬುದು ಕೂಟ ನಡೆಸುವ ಮೂರ್ಡಾಗ್‌ಳ ಕಟ್ಟುನಿಟ್ಟು. ನಮ್ಮವರ ಈ ಮರ್ಯಾದೆಗೆ ಬೆಂಕಿ ಬೀಳಲಿ, ಶತ್ರುಗಳೂ ನಮ್ಮನ್ನು ಇಷ್ಟು ಕೆಡಿಸಲಿಲ್ಲ.

“ಮನೆಗೆ ಬಂದೋರಿಗೆ ಊಟ ಹಾಕ್ತೀಯ, ಮಾತು ಮಾತ್ರ ಬಚ್ಚಿಡ್ತೀಯ,” ಎಂದು ಅಜ್ಜಿ ಗೊಣಗಿದಳು.

“ಸುಮ್ನಿರು ದೊಡ್ಡಮ್ಮ. ಪಾಪ, ಅವಳಿಗೆ ಮುಜುಗರ ಆಗುತ್ತೆ,” ಎಂದಳು ಮೂರ್ಡಾಗ್.

ಚಳಿಗಾಲದಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಶಾಲೆಯಲ್ಲಿ ಕಲಿತಿದ್ದ ಇಂಗ್ಲಿಷ್ ಅಳಿಸಿಹೋಗಿ ಗೇಲಿಕ್ ಒಂದೇ ಉಳಿಯಿತು. ಪಕ್ಕದ ದ್ವೀಪದ ಆರೈಕೆಮನೆಗೆ ಸೇರಿಸಿದ ವಾರವೇ ಬಿರುಗಾಳಿ ಎದ್ದು ಎರಡು ದ್ವೀಪಗಳ ನಡುವೆ ಕಡಲ ಮೇಲೆ ಹಾಕಿದ್ದ ರಸ್ತೆ ಮುಚ್ಚಿತು, ಫೋನೂ ಸತ್ತಿತು. ನಾಲ್ಕನೆಯ ದಿನ ಮೂರ್ಡಾಗ್ ತಲುಪುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಬೇರೆ ಯಾರೂ ಬರಲಾಗದ ಅಷ್ಟೂ ದಿನ ಅವಳ ಬಳಿ ಇದ್ದವಳು ಅಲ್ಲಿ ನರ್ಸಾಗಿದ್ದ ಹಿಲರಿ ಒಬ್ಬಳೇ.

“ಮೂರು ದಿನ ಒಂದೇ ಮಾತು ಹೇಳ್ತಿದ್ರು. ನೀರು ಕೊಟ್ಟೆ, ದಿಂಬು ಸರಿ ಮಾಡ್ದೆ. ಅವರು ಕೇಳಿದ್ದು ಅದಲ್ಲ.” ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಮಾತನ್ನು ಹಿಲರಿ ಒಂದಕ್ಷರ ತಪ್ಪದೆ ಹೇಳಿದಳು.

ಮೂರ್ಡಾಗ್ ಕಿಟಕಿಯತ್ತ ತಿರುಗಿದಳು. “ಪರದೆ ಸರಿಸು ಅಂತ. ಕಡಲು ನೋಡ್ಬೇಕಿತ್ತು ಅವಳಿಗೆ.”

“ಗಾಳಿಗೆ ಹೆದರ್ತಾರೇನೋ ಅಂತ ನಾನೇ ಮುಚ್ಚಿದ್ದೆ.” ಹಿಲರಿ ಮೂರ್ಡಾಗ್ ಕಡೆ ನೋಡಿದಳು. “ಎರಡು ವರ್ಷ ನಿಮ್ಮ ಮೇಜಿಗೆ ಬಂದೆ. ಇದೊಂದು ಮಾತು ಕಲಿಸಿದ್ರೆ ಸಾಕಿತ್ತು.”

ನಾಚಿಕೆಯಿಂದ ಮೂರ್ಡಾಗ್‌ಳ ತಲೆ ಮೇಲೇಳಲಿಲ್ಲ.

ಮಣ್ಣು ಮುಗಿಸಿದ ಮರುವಾರ ಊರ ಹಾಲ್‌ನಲ್ಲಿ ಅಜ್ಜಿಯ ಕುರ್ಚಿ ಖಾಲಿಯಿತ್ತು. ಎಷ್ಟೋ ಹಾಡಿನ ನುಡಿಗಳು ಅವಳೊಡನೆಯೇ ಹೋಗಿದ್ದವು. ಪಲ್ಲವಿಯಷ್ಟೇ ಗೊತ್ತಿದ್ದವರು ಬಟ್ಟೆ ಮುಟ್ಟದೆ ಕೂತಿದ್ದರು. ಹಿಲರಿ ಒಳಗೆ ಬಂದಳು. ಯಾರೋ ರೂಢಿಯಂತೆ ಇಂಗ್ಲಿಷಿನಲ್ಲಿ ಮಾತು ತೆಗೆದರು. ಮೂರ್ಡಾಗ್ ಕೈ ಎತ್ತಿ ತಡೆದಳು. ಹಿಲರಿಯ ಮುಖ ನೋಡುತ್ತ ಗೇಲಿಕ್‌ನಲ್ಲಿ, ನಿಧಾನವಾಗಿ ಹೇಳಿದಳು:

“ಪರದೆ ಸರಿಸು.”

ಹಿಲರಿ ಕಿಟಕಿಯ ಬಳಿಗೆ ಹೋಗಿ ಪರದೆ ಸರಿಸಿದಳು.